ಕಾಪುವಿನ ಗೋಲಿ ಮಿಷನ್ನೂ ಹಸೈನಾರಾಕರ ಮೌನವೂ

ಹಿರಿಯಡ್ಕದ ಹಸೈನಾರ್ ಬ್ಯಾರಿಯವರು, ಊರವರ ಬಾಯಲ್ಲಿ ಹಸೈನಾರಾಕ, ಯಂತ್ರದ ಮುಚ್ಚಳ ತೆರೆದರೆಂದರೆ ಅವರ ಬಾಯಿಯ ಮುಚ್ಚಳ ಬಿತ್ತೆಂದೇ ತಿಳಿಯಬೇಕು. ಆಮೇಲೆ ಭೂಮಿ ಬಿರಿಯಲಿ, ಬಾನು ಕಳಚಿ ಬೀಳಲಿ, ಅವರಿಂದ ಒಂದು 'ಹೂಂ' ಕೂಡ ಹೊರಡದು. ಹಿಮಾಲಯದ ಗುಹೆಯೊಳಗಿನ ಮುನಿಗಾದರೂ ನಡುವೆ ಒಂದು ಕೆಮ್ಮು ಬಂದೀತು, ಹಸೈನಾರಾಕರಿಗೆ ಅದೂ ಇಲ್ಲ. ಕಾರ್ಕಳದಲ್ಲಿ ಡಾಕ್ಟರೊಬ್ಬರ ಬಂಗಲೆಯ ನಾಯಿ ಅವರ ಲುಂಗಿಯ ತುದಿ ಕಚ್ಚಿ ಅಂಗಳದವರೆಗೆ ಎಳೆದುಕೊಂಡು ಹೋದಾಗಲೂ ಅವರು ಚಡ್ಡಿಯಲ್ಲೇ ನಿಂತು ಕೆಲಸ ಮುಗಿಸಿದರೇ ಹೊರತು 'ಹಚಾ' ಅನ್ನಲಿಲ್ಲ. ಡಾಕ್ಟರ ಹೆಂಡತಿ ಬಾಗಿಲ ಮರೆಯಿಂದಲೇ ಕೈ ಮುಗಿದರಂತೆ.

ಈ ಮೌನದ ಮೂಲದ ಬಗ್ಗೆ ನಮ್ಮ ಕಡೆ ಮತಭೇದಗಳುಂಟು. ಕಾಪುವಿನವರು ಅದೊಂದು ಹರಕೆ ಎನ್ನುತ್ತಾರೆ. ಶಾರ್ಜಾದಲ್ಲಿ ಏನೋ ಗಂಡಾಂತರದಿಂದ ಪಾರಾದಾಗ ಹೇಳಿಕೊಂಡದ್ದು, ಮುರಿದರೆ ಕೈ ಬಿದ್ದುಹೋಗುತ್ತದೆ. ಮಣಿಪಾಲದ ಇಂಜಿನಿಯರಿಂಗ್ ಹುಡುಗರ ಪ್ರಕಾರ ಅದು ಶುದ್ಧ ವಿಜ್ಞಾನ. ಒಳಗಿನ ಸುರುಳಿಗಳ ಟಿಕ್ ಟಿಕ್ ಶಬ್ದ ಕೇಳಿಯೇ ಅವರು ರೋಗ ಹಿಡಿಯುವುದು, ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಒಬ್ಬ ಇದನ್ನು ಸೆಮಿನಾರಿನಲ್ಲಿ ಮಂಡಿಸಿ ಒಳ್ಳೆಯ ಅಂಕ ಕೂಡ ಹೊಡೆದ. ಹಿರಿಯಡ್ಕದ ರಿಕ್ಷಾ ಸ್ಟ್ಯಾಂಡಿನ ವಿದ್ವಾಂಸರದು ಬೇರೆಯೇ ವಾದ. ಮನೆಯಲ್ಲಿ ಹೆಂಡತಿ ಜುಬೈದಾ ಬಾಯಿ ತೆರೆಯಲು ಬಿಡುವುದಿಲ್ಲ, ಅದೇ ಅಭ್ಯಾಸ ಹೊರಗೂ ಬಂದಿದೆ.

"ನನ್ನ ಮನೆಯಲ್ಲಿ ಇವರು ಬಾಯಿ ಮುಚ್ಚಿದ್ದನ್ನು ಯಾರಾದ್ರೂ ನೋಡಿದ್ರೆ ಕರ್ಕೊಂಡು ಬನ್ನಿ, ಬಿರಿಯಾನಿ ಹಾಕ್ತೇನೆ" ಎಂದು ಜುಬೈದಾ ಸವಾಲು ಹಾಕಿದ್ದಾರೆ. ಬಿರಿಯಾನಿ ತಿಂದವರು ಇದುವರೆಗೆ ಯಾರೂ ಇಲ್ಲ.

ಜುಬೈದಾ ಹೇಳುವುದು ಸತ್ಯ. ಯಂತ್ರದಿಂದ ಹೊರಗೆ ಹಸೈನಾರಾಕ ಮಹಾ ಮಾತುಗಾರ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಟಿಕೆಟು ಮಾಡಿಸುವ ಮೊದಲೇ ಅವರ ಬಾಳಿನ ಅರ್ಧ ಕಥೆ ಗೊತ್ತಾಗಿರುತ್ತದೆ. ಪ್ರಾಯದಲ್ಲಿ ಶಾರ್ಜಾಕ್ಕೆ ಹೋದದ್ದು, ಅಲ್ಲೊಂದು ಮಾಲಿನ ಆಟದ ಹಾಲ್‌ನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿದ್ದು, ಅಲ್ಲಿನ ಫಿಲಿಪ್ಪೀನಿನ ಮೆಕ್ಯಾನಿಕ್ ಇವರ ಬೆರಳು ಸಣ್ಣ ಸಂದಿಗೂ ಹೋಗುತ್ತದೆಂದು ನೋಡಿ ಒರಸುಬಟ್ಟೆ ಕಿತ್ತುಕೊಂಡು ಸ್ಕ್ರೂಡ್ರೈವರ್ ಕೊಟ್ಟದ್ದು. ಅಲ್ಲಿ ಸಾಲಾಗಿ ನಿಂತಿದ್ದ ಪಿನ್‌ಬಾಲ್ ಯಂತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದು ಅವರು ಊರಿಗೆ ಬಂದರು. ಊರಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿಯೇ ಹೊಟ್ಟೆಪಾಡು. ಆದರೆ ಮಣಿಪಾಲದ ಕೆಫೆಯಲ್ಲಿ ಒಂದು, ಕಾರ್ಕಳದ ಡಾಕ್ಟರ ಬಂಗಲೆಯಲ್ಲಿ ಒಂದು, ಕಾಪುವಿನ ತಂಪು ಪಾನೀಯದ ಅಂಗಡಿಯಲ್ಲಿ ಒಂದು, ಹೀಗೆ ಮೂರು ಹಳೆಯ ಪಿನ್‌ಬಾಲ್ ಯಂತ್ರಗಳು ಈ ಸೀಮೆಯಲ್ಲಿ ಉಸಿರಾಡುತ್ತಿವೆ. ಆ ಮೂರು ರಾಜ್ಯಗಳಿಗೆ ಹಸೈನಾರಾಕ ಏಕೈಕ ಚಕ್ರವರ್ತಿ.

ಕಾಪುವಿನವರು ಅದನ್ನು ಗೋಲಿ ಮಿಷನ್ ಎನ್ನುತ್ತಾರೆ. ಗಾಜು ಹೊದಿಸಿದ ಇಳಿಜಾರು ಮೇಜು, ಅದರೊಳಗೆ ಓಡಾಡುವ ಒಂದು ಉಕ್ಕಿನ ಗೋಲಿ. ಕೆಳಗೆ ಬಿದ್ದುಹೋಗದಂತೆ ಅದನ್ನು ಬದಿಯ ಗುಂಡಿ ಒತ್ತಿ ಆಡಿಸುವ ಎರಡು ಪುಟ್ಟ ಕೈಗಳಿಂದ ಮೇಲಕ್ಕೆ ಹೊಡೆಯಬೇಕು. ಎದುರಿಗೆ ನಿಂತ ದೀಪದ ಪೆಟ್ಟಿಗೆಯಲ್ಲಿ ಅಂಕಗಳು ಓಡುತ್ತವೆ. ಎಲ್ಲರಿಗಿಂತ ಹೆಚ್ಚು ಅಂಕ ಹೊಡೆದವರು ತಮ್ಮ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಬರೆಯಬಹುದು. ಯಂತ್ರ ಆ ಅಕ್ಷರಗಳನ್ನು ನೆನಪಿಟ್ಟುಕೊಂಡು, ಯಾರೂ ಆಡದ ಹೊತ್ತಿನಲ್ಲಿ ತಾನಾಗಿಯೇ ಜಗತ್ತಿಗೆ ಸಾರುತ್ತಿರುತ್ತದೆ.

ಕಾಪುವಿನ ಯಂತ್ರ ಹದಿನಾಲ್ಕು ವರ್ಷಗಳಿಂದ ಸಾರುತ್ತಿದ್ದದ್ದು ಇಷ್ಟು: ಮೊದಲನೆಯ ಸ್ಥಾನ, ಎಸ್ ಡಬ್ಲ್ಯು ಎಲ್. ಎರಡನೆಯ ಸ್ಥಾನ, ಜಿ ಎನ್ ಪಿ.

ಜಿ ಎನ್ ಪಿ ಎಂದರೆ ಅಂಗಡಿಯ ಯಜಮಾನ ಗಣಪ. ಬೋಟಿನವರ ಮನೆಯ ಮಗ, ಆದರೆ ಕಡಲಿಗಿಳಿದರೆ ವಾಂತಿ. ಹಾಗಾಗಿ ದಡದಲ್ಲೇ ಅಂಗಡಿ ಇಟ್ಟು, ಮುಂಬೈಯಲ್ಲಿ ಮುಚ್ಚಿದ ಆಟದ ಹಾಲೊಂದರಿಂದ ಈ ಯಂತ್ರ ತರಿಸಿದ್ದ. ಎಸ್ ಡಬ್ಲ್ಯು ಎಲ್ ಎಂದರೆ ಅವನ ಹೆಂಡತಿ ಸ್ವರ್ಣಲತಾ. ಇದು ಹೆಂಗಸರ ಆಟ ಅಲ್ಲವೆಂದು ಅವಳನ್ನು ಗ್ಲಾಸು ತೊಳೆಯಲು ನಿಲ್ಲಿಸಿ ಗಣಪ ಒಂದು ಮಧ್ಯಾಹ್ನ ಮಂಜುಗಡ್ಡೆ ತರಲು ಹೋಗಿದ್ದ. ಬರುವಷ್ಟರಲ್ಲಿ ಅವಳು ಕೈ ಒರೆಸಿಕೊಂಡು ಆಡಿದ್ದಳು, ಅವನ ಅಂಕಕ್ಕಿಂತ ಎರಡು ಪಟ್ಟು ಹೊಡೆದಿದ್ದಳು. ಗಣಪ ಮೊದಲು ನಕ್ಕ. ಆಮೇಲೆ ಯಂತ್ರ ಕೆಟ್ಟಿದೆ ಎಂದ. ಅದನ್ನು ಪರೀಕ್ಷಿಸಲು, ಶಾರ್ಜಾದಿಂದ ಹೊಸದಾಗಿ ಊರಿಗೆ ಬಂದಿದ್ದ ಹಸೈನಾರ್ ಬ್ಯಾರಿಯವರನ್ನು ಕರೆಸಿದ. ಅವರು ಅರ್ಧ ದಿನ ತಲೆ ಒಳಗೆ ಹಾಕಿ, ಮೂಕರಾಗಿ ನೋಡಿ, ಕೊನೆಗೆ ತೀರ್ಪು ಕೊಟ್ಟರು: "ಮಿಷನ್ ಸರಿ ಉಂಟು. ಹೆಚ್ಚುಕಮ್ಮಿ ಇರುದು ನಿಮಗೇ."

ಅಂದಿನಿಂದ ಗಣಪ ದಿನವೂ ಊಟದ ನಂತರ ಆಡುತ್ತಾನೆ, ದಿನವೂ ಸೋಲುತ್ತಾನೆ. ಅವಳು ಮತ್ತೆ ಆಡಲೇ ಇಲ್ಲ. ಗ್ಲಾಸು ತೊಳೆಯುತ್ತಾ ತಲೆ ಎತ್ತಿ ಆ ಮೂರು ಅಕ್ಷರ ನೋಡಿ, ಮತ್ತೆ ತೊಳೆಯುತ್ತಾಳೆ. ರೇಷನ್ ಕಾರ್ಡಿನಿಂದ ಅಂಗಡಿಯ ಬೋರ್ಡಿನವರೆಗೆ ಎಲ್ಲ ಕಡೆ ಗಣಪನ ಹೆಸರು ಮುಂದೆ. ಅವಳ ಹೆಸರು ಅವನಿಗಿಂತ ಮೇಲೆ ಇದ್ದದ್ದು ಲೋಕದಲ್ಲಿ ಅದೊಂದೇ ಜಾಗದಲ್ಲಿ.

ಆ ಹೆಸರಿಗೆ ಈಗ ಗಂಡಾಂತರ ಬಂದಿತ್ತು.

ಯಂತ್ರದ ನೆನಪು ನಿಂತಿರುವುದು ಒಳಗಿನ ಮೂರು ಪೆನ್ ಟಾರ್ಚಿನ ಸೆಲ್ಲುಗಳ ಮೇಲೆ. ಅವನ್ನು ವರ್ಷಕ್ಕೊಮ್ಮೆ, ಯಂತ್ರ ಉರಿಯುತ್ತಿರುವಾಗಲೇ ಬದಲಿಸಬೇಕು. ಆಗ ನೆನಪು ಕರೆಂಟಿನ ಆಸರೆಯಲ್ಲಿ ಉಳಿಯುತ್ತದೆ. ಕಳೆದ ವರ್ಷ ಹಸೈನಾರಾಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದರು. ತಾನೇ ನೋಡಿಕೊಳ್ಳುತ್ತೇನೆಂದು ಹೊರಟ ಗಣಪ, ಬೋಟಿನವರು ಉಪ್ಪುಗಾಳಿಯಿಂದ ಕಬ್ಬಿಣ ಕಾಯುವ ಕ್ರಮದಲ್ಲೇ ಯಂತ್ರದ ಹೊಟ್ಟೆಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿದ. ಸೆಲ್ಲು ಬದಲಿಸಲಿಲ್ಲ, ಅದಕ್ಕೂ ಎಣ್ಣೆಯನ್ನೇ ಹಚ್ಚಿದ. ಈ ಶನಿವಾರ ಹಸೈನಾರಾಕ ಕುಂಟುತ್ತಾ ಬಂದು ತೆರೆದು ನೋಡಿದರೆ ಸೆಲ್ಲುಗಳು ಒಡೆದು ಹಸಿರು ಪಾಚಿಯಂಥದ್ದು ಹಿಡಿದಿತ್ತು. ಅವನ್ನು ಕೂರಿಸುವ ತಗಡಿನ ಗೂಡು ಮುಟ್ಟಿದರೆ ಪುಡಿಯಾಗುವಂತಿತ್ತು.

ಮುಚ್ಚಳ ಹಾಕಿದ ಮೇಲೆ ಅವರು ಹೇಳಿದರು, "ಸ್ವರ್ಣಕ್ಕ, ಸೆಲ್ಲಿನಲ್ಲಿ ಜೀವ ಉಂಟೋ ಇಲ್ವೋ ಹೇಳ್ಲಿಕ್ಕೆ ಆಗುದಿಲ್ಲ. ಹೊಸ ಗೂಡು ಸಿಗುವವರೆಗೆ ಮಿಷನ್ ಆಫ್ ಮಾಡ್ಲೇಬೇಡಿ. ಆಫ್ ಆದ್ರೆ ಹೆಸರು ಹೋಯ್ತು ಅಂತಲೇ ಲೆಕ್ಕ."

"ಒಂದು ಫೋಟೋ ತೆಗೆದಿಟ್ರೆ ಆಯ್ತಲ್ಲ" ಎಂದ ಗಣಪ.

"ಮಿಷನ್ ಹೇಳಿದ್ದನ್ನೇ ನಂಬದವರು ನೀವು. ಫೋಟೋ ನಂಬ್ತೀರಾ?" ಎಂದಳು ಸ್ವರ್ಣಲತಾ.

ಭಾನುವಾರ ಸಾಮಾನಿನ ಅಂಗಡಿಗೆ ರಜೆ. ಸೋಮವಾರ ಸಂಜೆ ಉಡುಪಿಯಲ್ಲಿ ಗೂಡು ಸಿಕ್ಕಿತು, ಮಂಗಳವಾರ ಬೆಳಿಗ್ಗೆ ಬರುತ್ತೇನೆಂದು ಹಸೈನಾರಾಕ ಫೋನು ಮಾಡಿದರು. ಮಂಗಳವಾರ ಬೆಳಿಗ್ಗೆ ಗಣಪ ಪೇಪರು ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದ: ತಂತಿ ದುರಸ್ತಿಯ ಪ್ರಯುಕ್ತ ಕಾಪು ಪರಿಸರದಲ್ಲಿ ಇಂದು ಹತ್ತರಿಂದ ಐದರವರೆಗೆ ವಿದ್ಯುತ್ ಇರುವುದಿಲ್ಲ.

ಸ್ವರ್ಣಲತಾಳ ಕೈಯಿಂದ ಗ್ಲಾಸು ಜಾರಿತು. ಅಂಗಡಿಯ ಇನ್ವರ್ಟರು ಎರಡು ಬಲ್ಬು, ಒಂದು ಫ್ಯಾನಿಗಷ್ಟೇ ಸಾಕಾಗುತ್ತಿತ್ತು. ಹಿಂದೊಮ್ಮೆ ಅದಕ್ಕೆ ಯಂತ್ರ ಸಿಕ್ಕಿಸಿದಾಗ ಇನ್ವರ್ಟರು ಕೂಗಿ ಕೂಗಿ ಸತ್ತದ್ದು ಮತ್ತೆ ಎದ್ದಿರಲಿಲ್ಲ. ಹಸೈನಾರಾಕರಿಗೆ ಫೋನು ಮಾಡಿದರೆ ಬಸ್ಸಿನ ಹಾರ್ನು ಮಾತ್ರ ಕೇಳಿಸಿತು.

ಹತ್ತಕ್ಕೆ ಕಾಲು ಗಂಟೆ ಉಂಟೆನ್ನುವಾಗ ಹಸೈನಾರಾಕ ಚೀಲ ಹಿಡಿದು ಕುಂಟುತ್ತಾ ಒಳಗೆ ಬಂದರು. ಬರುವಾಗಲೇ ಶುರು: "ಎಂತ ಡ್ರೈವರ್ ಮಾರಾಯ್ರೆ ಅವನು! ಉಡುಪಿ ಬಿಟ್ಟ ಮೇಲೆ ಒಂದು ಸ್ಟಾಪಿನಲ್ಲಾದ್ರೂ ನಿಲ್ಲಿಸದೆ ಇದ್ದಾನಾ? ಕೋಳಿ ದಾಟಿದ್ರೂ ಟಿಕೆಟ್ ಬೇಕಾ ಅಂತ ಕೇಳುದು..."

"ಹಸೈನಾರಾಕಾ, ಕಥೆ ಆಮೇಲೆ. ಹತ್ತು ಗಂಟೆಗೆ ಕರೆಂಟ್ ತೆಗೀತಾರೆ" ಎಂದಳು ಸ್ವರ್ಣಲತಾ.

ಅವರು ಗಡಿಯಾರ ನೋಡಿದರು. ಸ್ವರ್ಣಲತಾಳ ಮುಖ ನೋಡಿದರು. ಬೆಸುಗೆಯ ಕಡ್ಡಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ದೀಪದ ಪೆಟ್ಟಿಗೆಯ ಗಾಜು ಎತ್ತಿ ಕೆಳಗಿಟ್ಟು, ಹಿಂದಿನ ಹಲಗೆ ಸರಿಸಿ, ತಲೆಯನ್ನು ಒಳಗೆ ಹಾಕಿದರು. ಅಲ್ಲಿಗೆ ಮಾತು ನಿಂತಿತು. ಹೊರಗೆ ಕಾಣುತ್ತಿದ್ದದ್ದು ಒಂದು ಬೆನ್ನು, ಒಂದು ಲುಂಗಿ, ಒಂದು ಕುಂಟು ಕಾಲು.

ಮಾಡಬೇಕಾದದ್ದು ಹೇಳಲು ಸುಲಭ. ಬೋರ್ಡಿನ ಸ್ಕ್ರೂ ಬಿಚ್ಚಿ ಅದನ್ನು ತುಸು ಮುಂದೆ ಎಳೆಯಬೇಕು. ಹೊಸ ಸೆಲ್ಲು ತುಂಬಿದ ಹೊಸ ಗೂಡಿನ ಎರಡು ವಯರುಗಳನ್ನು ಹಳೆಯ ಗೂಡಿನ ಎರಡು ಕಾಲುಗಳಿಗೆ ಬೆಸೆಯಬೇಕು. ಎರಡೂ ಅಂಟಿದ ಕ್ಷಣದಿಂದ ಕರೆಂಟು ಹೋದರೂ ಹೆಸರು ಕ್ಷೇಮ. ಒಂದೇ ಅಂಟಿದರೆ ಏನೂ ಅಂಟದ ಹಾಗೆ. ಕರೆಂಟು ಹೋದರೆ ಬೆಸುಗೆಯ ಕಡ್ಡಿಯೂ ತಣ್ಣಗಾಗುತ್ತದೆ. ಅದು ಕಾಯುವುದೋ, ಸರಕಾರಿ ಕಡತ ಮೇಜು ದಾಟುವ ವೇಗದಲ್ಲಿ.

ಅಷ್ಟರಲ್ಲಿ ಎದುರಿನ ಕಂಬಕ್ಕೆ ಏಣಿಯೊಂದು ಒರಗಿತು. ಲೈನ್‌ಮ್ಯಾನ್ ಸುಂದರ ಬಂದಿದ್ದ.

ಬಾಗಿಲಲ್ಲಿ ನಿಂತ ಗಣಪ ಕಂಬವನ್ನೂ ಯಂತ್ರವನ್ನೂ ಒಂದಾದ ಮೇಲೊಂದು ನೋಡಿದ. ಹದಿನಾಲ್ಕು ವರ್ಷಗಳ ಸೋಲು ಒಂದೇ ಏಟಿಗೆ ಅಳಿಸಿಹೋಗುವ ಮುಹೂರ್ತ. ಅವನು ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನೆ ನಿಂತರೆ ಸಾಕು.

"ಖುಷಿ ಆಗ್ತಾ ಉಂಟಲ್ವಾ ನಿಮಗೆ?" ಎಂದಳು ಸ್ವರ್ಣಲತಾ.

ಗಣಪ ರಸ್ತೆ ದಾಟಿದ. ಏಣಿಯ ಎರಡನೆಯ ಮೆಟ್ಟಿಲಲ್ಲಿದ್ದ ಸುಂದರನ ಕಾಲು ಹಿಡಿದುಕೊಂಡ.

"ಹೋಯ್ ಗಣಪಣ್ಣ, ಬಿಡಿ ಮಾರಾಯ್ರೆ, ಬೀಳ್ತೇನೆ!"

"ಇಳಿ. ಒಂದು ಗಡ್‌ಬಡ್ ತಿಂದು ಹೋಗು."

"ಬೆಳಿಗ್ಗೆ ಹತ್ತು ಗಂಟೆಗೆ ಐಸ್‌ಕ್ರೀಮಾ? ಆಫೀಸಿಂದ ಫೋನ್ ಬರ್ತದೆ."

"ಬರ್ಲಿ. ಫೋನ್ ಕರಗುದಿಲ್ಲ, ಐಸ್‌ಕ್ರೀಮ್ ಕರಗ್ತದೆ."

ಸುಂದರನನ್ನು ರಟ್ಟೆ ಹಿಡಿದು ತಂದು ಕೂರಿಸಿ, ಗಣಪ ಉದ್ದದ ಗ್ಲಾಸಿಗೆ ಐಸ್‌ಕ್ರೀಮು, ಹಣ್ಣು, ಗೇರುಬೀಜ ತುಂಬತೊಡಗಿದ. ಹೆಂಡತಿ ಕಣ್ಣರಳಿಸಿ ನೋಡುತ್ತಿದ್ದಳು.

"ಎಂತ ನೋಡುದು? ಜೆಲ್ಲಿ ಎಲ್ಲಿಟ್ಟಿದ್ದಿ?" ಎಂದು ಗದರಿದ. ಆಮೇಲೆ ಸ್ವರ ತಗ್ಗಿಸಿ, "ನಿನ್ನ ಹೆಸರು ಹೋದ್ರೆ ನಾನು ಇನ್ನು ಯಾರನ್ನು ಸೋಲಿಸುದು?" ಎಂದ.

ಆದರೆ ಸುಂದರ ತಿನ್ನುವುದರಲ್ಲೂ ಲೈನ್‌ಮ್ಯಾನ್, ಸರಸರನೆ ಕೆಳಗಿಳಿಯುವವನು. ಉದ್ದ ಚಮಚ ತಳ ಮುಟ್ಟುತ್ತಿತ್ತು. ಗಣಪ ಹಿಂದಿನಿಂದ ಇನ್ನೊಂದು ಉಂಡೆ ಹಾಕಿದ. ಫೋನು ಹೊಡೆಯಿತು. "ಕಂಬದ ಹತ್ತಿರವೇ ಇದ್ದೇನೆ ಸಾರ್" ಎಂದ ಸುಂದರ, ಬಾಯಿ ತುಂಬ ಪಿಸ್ತಾ ಇಟ್ಟುಕೊಂಡು.

ಯಂತ್ರದೊಳಗಿಂದ ತೆಳುವಾದ ಹೊಗೆಯೊಂದು ಎದ್ದಿತು. ಮೊದಲನೆಯ ವಯರು ಅಂಟಿತ್ತು. ಹೊಗೆಯ ಹಿಂದೆಯೇ ಇನ್ನೊಂದು ಮೆರವಣಿಗೆ ಹೊರಟಿತು. ಒಂದು ವರ್ಷದಿಂದ ಗಣಪನ ಕೊಬ್ಬರಿ ಎಣ್ಣೆ ಉಂಡು ಬೆಳೆದ ಕೆಂಪಿರುವೆಗಳ ಸಂಸಾರ, ಬಿಸಿ ತಾಗಿ ಎದ್ದು ಬಂದಿತ್ತು. ಅವು ಹಸೈನಾರಾಕರ ಬೆರಳು ಹತ್ತಿದವು, ಮೊಣಕೈ ದಾಟಿದವು, ಕಾಲರಿನೊಳಗೆ ಹೊಕ್ಕವು. ಕಿವಿಯ ಹಿಂದೆ ಒಂದು ತಂಡ ಬೀಡುಬಿಟ್ಟಿತು. ಕುಂಟು ಕಾಲು ನೆಲದ ಮೇಲೆ ಒಮ್ಮೆ ಧಡ್ ಎಂದು ಬಡಿಯಿತು. ಬಾಯಿಂದ ಒಂದಕ್ಷರ ಇಲ್ಲ.

"ಅಯ್ಯೋ, ಇರುವೆ! ಹಸೈನಾರಾಕಾ, ಹೊರಗೆ ಬನ್ನಿ!"

ಸ್ವರ್ಣಲತಾ ಗ್ಲಾಸು ಒರೆಸುವ ಬೈರಾಸಿನಿಂದ ಅವರ ಬೆನ್ನು ಝಾಡಿಸತೊಡಗಿದಳು. ಫೋನು ಮತ್ತೆ ಹೊಡೆಯಿತು. ಈ ಸಲ ಫೋನಿನೊಳಗಿನ ಬೈಗುಳ ಹೊರಗಿನವರಿಗೂ ಕೇಳಿಸಿತು. ಸುಂದರ ಗ್ಲಾಸು ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ಗಣಪಣ್ಣ, ಇನ್ನು ಆಗುದಿಲ್ಲ. ಕೆಲಸ ಹೋಗ್ತದೆ."

ಏಣಿ ಕಿರುಗುಟ್ಟಿತು. ಯಂತ್ರದೊಳಗಿಂದ ಎರಡನೆಯ ಹೊಗೆಯ ಎಳೆ ಏಳತೊಡಗಿತು. ಫ್ಯಾನು ನಿಧಾನವಾಯಿತು. ಯಂತ್ರದ ದೀಪಗಳು ಒಟ್ಟಿಗೇ ಕಣ್ಣು ಮುಚ್ಚಿದವು.

ಇಷ್ಟು ದಿನ ಗುಂಯ್‌ಗುಡುತ್ತಿದ್ದ ಅಂಗಡಿಯಲ್ಲಿ ಈಗ ಕಡಲಿನ ಸದ್ದು ಕೇಳಿಸಿತು.

"ಹಸೈನಾರಾಕಾ, ಅಂಟಿತಾ?" ಎಂದಳು ಸ್ವರ್ಣಲತಾ. ಬೆನ್ನು ಅಲ್ಲಾಡಲಿಲ್ಲ. "ಹೆಸರು ಉಂಟಾ, ಹೋಯ್ತಾ? ಒಂದು ಮಾತು ಹೇಳಿ!"

ಮಾತಿನ ಬದಲು ಅವರ ಬಲಗೈ ಪೆಟ್ಟಿಗೆಯಿಂದ ಹೊರಬಂದು ಗಾಳಿಯಲ್ಲಿ ಹೆಬ್ಬೆರಳು ತೋರುಬೆರಳು ಕೂಡಿಸಿ ಚಿವುಟತೊಡಗಿತು. ಎಡಗೈ ಒಳಗೇ ಇತ್ತು. ಗಣಪ ಬಗ್ಗಿ ನೋಡಿದ. ಎರಡನೆಯ ವಯರಿನ ಬೆಸುಗೆ ಪೂರ್ತಿ ಕರಗದೆ ನಿಂತಿತ್ತು. ಹಸೈನಾರಾಕ ಆ ವಯರನ್ನು ಎಡಗೈಯ ಹೆಬ್ಬೆರಳಿನಿಂದ ಗೂಡಿನ ಕಾಲಿಗೆ ಒತ್ತಿ ಹಿಡಿದಿದ್ದರು. ಹೆಸರು ಉಳಿದಿದ್ದರೆ ಅದು ಉಳಿದಿದ್ದದ್ದು ಆ ಹೆಬ್ಬೆರಳಿನ ಕೆಳಗೆ. ಹೆಬ್ಬೆರಳಿನ ಮೇಲೆ ಇರುವೆಗಳು ಹಬ್ಬ ಮಾಡುತ್ತಿದ್ದವು.

ಬಲಗೈ ಮತ್ತೆ ಚಿವುಟಿತು.

"ನಶ್ಯವಾ?" ಎಂದ ಗಣಪ. ಕೈ ಕೋಪದಿಂದ ಅಡ್ಡಡ್ಡ ಆಡಿತು. "ಉಪ್ಪಾ? ಇರುವೆಗೆ ಹಾಕ್ಲಿಕ್ಕೆ?" ಕೈ ಇನ್ನೂ ಜೋರಾಗಿ ಆಡಿತು.

ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಬಿಟ್ಟುಹೋಗಲು ಮನಸ್ಸಾಗದೆ ಸುಂದರ ಕಂಬ ಇಳಿದು ಬಂದಿದ್ದ. ಅವನೂ ನೋಡಿ, ಅರ್ಥವಾಯಿತೆಂದು ಸೊಂಟದಿಂದ ತನ್ನ ಭೀಮಗಾತ್ರದ ಇಕ್ಕಳ ತೆಗೆದು ಒಳಗೆ ಚಾಚಿದ. ಕೈ ಅದನ್ನು ತಡವಿ ನೋಡಿ, ಹಾವು ಮುಟ್ಟಿದಂತೆ ಹಿಂದೆ ಸರಿಯಿತು.

"ಬಾಯಿ ಬಿಡಿ ಬ್ಯಾರಿಗಳೇ, ನಿಮ್ಮ ದಮ್ಮಯ್ಯ!" ಎಂದು ಗಣಪ ಕೂಗಿದ. "ಹರಕೆ ಇದ್ರೆ ನಾನು ಬೇರೆ ಕೊಡಿಸ್ತೇನೆ!"

ಬೆನ್ನು ನಡುಗುತ್ತಿತ್ತು. ಹೆಬ್ಬೆರಳು ಇನ್ನೆಷ್ಟು ಹೊತ್ತು ತಡೆದೀತು? ಚಿವುಟುವ ಕೈಯನ್ನೇ ಕಣ್ಣು ಕೀಲಿಸಿ ನೋಡುತ್ತಿದ್ದ ಸ್ವರ್ಣಲತಾ ಇದ್ದಕ್ಕಿದ್ದಂತೆ ಹಿತ್ತಿಲಿಗೆ ಓಡಿದಳು. ಅಲ್ಲಿ ಹಗ್ಗದ ಮೇಲೆ ಗಣಪನ ಬನಿಯನ್ನುಗಳು ಒಣಗುತ್ತಿದ್ದವು. ಒಂದು ಬನಿಯನ್ನು ನೆಲಕ್ಕೆ ಬಿತ್ತು. ಅವಳು ನೀಲಿ ಪ್ಲಾಸ್ಟಿಕ್ಕಿನ ಬಟ್ಟೆ ಕ್ಲಿಪ್ಪೊಂದನ್ನು ಹಿಡಿದು ಬಂದು, ಯಾರನ್ನೂ ಕೇಳದೆ ಪೆಟ್ಟಿಗೆಯೊಳಗೆ ಕೈ ತೂರಿಸಿದಳು. ಹದಿನಾಲ್ಕು ವರ್ಷಗಳ ಹಿಂದೆ ಉಕ್ಕಿನ ಗೋಲಿಯನ್ನು ಬೀಳಗೊಡದ ಅದೇ ಕೈ. ಹಸೈನಾರಾಕರ ಹೆಬ್ಬೆರಳು ಕೂದಲೆಳೆಯಷ್ಟು ಸರಿಯುವುದಕ್ಕೂ ಕ್ಲಿಪ್ಪು ವಯರನ್ನೂ ಕಾಲನ್ನೂ ಒಟ್ಟಿಗೆ ಕಚ್ಚುವುದಕ್ಕೂ ಸರಿಹೋಯಿತು.

ಬಲಗೈ ಚಿವುಟುವುದನ್ನು ನಿಲ್ಲಿಸಿತು.

ಆದರೂ ಹಸೈನಾರಾಕ ತಲೆ ಹೊರಗೆ ತೆಗೆಯಲಿಲ್ಲ. ಬೋರ್ಡನ್ನು ಮೆಲ್ಲಗೆ ಅದರ ಜಾಗಕ್ಕೆ ತಳ್ಳಿ, ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಮುಗಿಸಿದ ಮೇಲೆ ತಿರುಗಿದರು. ಮುಖ ಒಂದು ಕಡೆಯಿಂದ ಊದಿ ಹಲಸಿನಹಣ್ಣಿನಂತಾಗಿತ್ತು.

"ಒಂದು ಚಾ ಸಿಗ್ತದಾ?" ಎಂದರು.

"ಹೆಸರು?" ಎಂದಳು ಸ್ವರ್ಣಲತಾ.

"ಕರೆಂಟ್ ಬಂದ್ರೆ ಗೊತ್ತಾಗ್ತದೆ. ನನ್ನ ಬೆರಳು ಒಂದು ಸಲ ಸ್ವಲ್ಪ ಅಲ್ಲಾಡಿದ ಹಾಗೆ ಆಯ್ತು. ನಿಜ ಹೇಳುದಾದ್ರೆ ನನಗೂ ಗೊತ್ತಿಲ್ಲ."

ಆ ಹಗಲು ಕಾಪುವಿನ ಸೂರ್ಯ ಲೈಟ್‌ಹೌಸಿನ ನೆತ್ತಿ ಬಿಟ್ಟು ಕದಲಲೇ ಇಲ್ಲ. ಸ್ವರ್ಣಲತಾ ತೊಳೆದ ಗ್ಲಾಸುಗಳನ್ನೇ ತೊಳೆದಳು. ಗಣಪ ಊಟದ ನಂತರ ಅಭ್ಯಾಸಬಲದಿಂದ ಯಂತ್ರದ ಮುಂದೆ ಹೋಗಿ ನಿಂತು, ಕತ್ತಲೆಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಬಂದ. ಹಸೈನಾರಾಕ ಮಾತ್ರ ಊದಿದ ಬಾಯಲ್ಲೇ ಬಸ್ಸಿನ ಡ್ರೈವರನ ಕಥೆಯನ್ನು ಮೊದಲಿನಿಂದ ಹೇಳಿದರು. ಯಾರೂ ಕೇಳಲಿಲ್ಲ. ಗಡ್‌ಬಡ್‌ನ ಋಣದಲ್ಲಿದ್ದ ಸುಂದರನೊಬ್ಬ ಕೆಲಸದ ನಡುವೆ ಬಂದು ಹೋಗಿ, "ಇನ್ನು ಆಯ್ತು, ಇನ್ನು ಆಯ್ತು" ಎನ್ನುತ್ತಿದ್ದ.

ಐದಾಯಿತು. ಬರಲಿಲ್ಲ. ಇನ್ನೂ ಅರ್ಧ ಗಂಟೆ ಕಳೆದು ಎಲ್ಲರೂ ಗಡಿಯಾರ ನೋಡುವುದನ್ನು ಬಿಟ್ಟಾಗ ಫ್ಯಾನು ಕಿರುಗುಟ್ಟಿತು.

ಯಂತ್ರ ಗುಟುರು ಹಾಕಿ ಎಚ್ಚೆತ್ತಿತು. ಕೆಂಪು ಅಂಕೆಗಳು ಒಮ್ಮೆ ಹೊಳೆದು ಎಲ್ಲ ಕಡೆ ಸೊನ್ನೆಗಳಾಗಿ ನಿಂತವು. ಸೊನ್ನೆ, ಸೊನ್ನೆ, ಸೊನ್ನೆ. ಸ್ವರ್ಣಲತಾ ಸೋಡಾ ಬಾಟಲಿಯ ಕ್ರೇಟಿನ ಮೇಲೆ ಕುಸಿದು ಕುಳಿತಳು. ಗಣಪ ಅವಳ ಹಿಂದೆ ಬಂದು ನಿಂತ. ಅವಳ ತಲೆಯ ಮೇಲಿಂದ ಇಲ್ಲದ ಇರುವೆಯೊಂದನ್ನು ಝಾಡಿಸಿದ.

ಆಗ ಸೊನ್ನೆಗಳು ಅಳಿಸಿಹೋಗಿ ಅಕ್ಷರಗಳು ಮೂಡಿದವು. ಎಸ್. ಡಬ್ಲ್ಯು. ಎಲ್.

"ಥತ್!" ಎಂದು ಗಣಪ ಕೂಗಿದ. ಕಾಪುವಿನಲ್ಲಿ ಸೋತವನೊಬ್ಬ ಅಷ್ಟು ಅಗಲವಾಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಅವನು ತಕ್ಷಣ ಯಂತ್ರದ ಗುಂಡಿಗೆ ಕೈ ಹಾಕಲು ಹೋದ.

"ಮುಟ್ಬೇಡಿ! ಬೆಸುಗೆ ಆಗ್ಲಿ!" ಎಂದು ಸ್ವರ್ಣಲತಾ, ಹಸೈನಾರಾಕ, ಆಗತಾನೆ ಕಂಬ ಇಳಿದು ಬಂದ ಸುಂದರ, ಮೂವರೂ ಒಟ್ಟಿಗೆ ಗದರಿದರು.

ಸ್ವರ್ಣಲತಾ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹಸೈನಾರಾಕರ ಎದುರು ನಿಂತಳು. ಹರಕೆಯೋ, ವಿಜ್ಞಾನವೋ, ಜುಬೈದಾರ ಭಯವೋ, ವರ್ಷಗಳ ವಾದ ಇಲ್ಲಿ ತೀರ್ಮಾನವಾಗುವುದಿತ್ತು.

"ಹಸೈನಾರಾಕಾ, ನೀವು ಮಾಡಿದ ಉಪಕಾರ ದೊಡ್ಡದು. ಆದ್ರೆ ಒಂದು ಕೇಳ್ತೇನೆ. ಕ್ಲಿಪ್ ಬೇಕು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ? ಅಷ್ಟು ಇರುವೆ ಕಚ್ಚುವಾಗ್ಲೂ ಬಾಯಿ ಬಿಡ್ಲಿಲ್ಲ. ಅದೆಂತ ವ್ರತ?"

ಹಸೈನಾರಾಕ ಊದಿದ ಕೆನ್ನೆ ಸವರಿಕೊಂಡು ಅವಳನ್ನು ಆಶ್ಚರ್ಯದಿಂದ ನೋಡಿದರು.

"ವ್ರತ ಎಂತದ್ದು? ಬಾಯಲ್ಲಿ ಸ್ಕ್ರೂ ಇತ್ತು. ಕೆಳಗೆ ಇಟ್ರೆ ಉರುಳಿ ಹೋಗ್ತದೆ, ಅಮೇರಿಕದ ಸೈಜು, ಇಲ್ಲೆಲ್ಲ ಸಿಗುದಿಲ್ಲ. ಶಾರ್ಜಾದಲ್ಲಿ ಒಂದು ಸಲ ಮಾತಾಡ್ಲಿಕ್ಕೆ ಹೋಗಿ ನುಂಗಿದ್ದೇನೆ."